ಸುಂಕದ ಕಟ್ಟೆಯ ಒಡೆಯರು: ಕೆಲ್ಟ್ ಕುಲಗಳ ಅಧಿಕಾರ ಮತ್ತು ವ್ಯಾಪಾರ

ಇವತ್ತಿನ ಮಾತನ್ನು ಒಂದು ಗುತ್ತಿಗೆಯ ಸಂಗತಿಯಿಂದ ಆರಂಭಿಸುತ್ತೇನೆ. ಕಾಲ ಕ್ರಿ.ಪೂ. ಒಂದನೆಯ ಶತಮಾನದ ನಡುಭಾಗ. ಜಾಗ ಇಂದಿನ ಫ್ರಾನ್ಸ್‌ನ ಬರ್ಗಂಡಿ ಸೀಮೆ. ಅಲ್ಲಿನ ಐದುಯಿ ಎಂಬ ಕುಲದವರು ತಮ್ಮ ನಾಡಿನ ಸುಂಕ ಮತ್ತು ತೆರಿಗೆಗಳನ್ನು ವಸೂಲಿ ಮಾಡುವ ಹಕ್ಕನ್ನು ಗುತ್ತಿಗೆಗೆ ಕೊಡುತ್ತಿದ್ದರು. ದುಮ್ನೊರಿಕ್ಸ್ ಎಂಬ ಮುಖಂಡ ಸವಾಲು ಕೂಗಿದನೆಂದರೆ ಮೇಲೆ ಕೂಗುವ ಧೈರ್ಯ ಮತ್ತೊಬ್ಬರಿಗೆ ಇರುತ್ತಿರಲಿಲ್ಲ. ಹೀಗಾಗಿ ಗುತ್ತಿಗೆ ಎಷ್ಟೋ ವರ್ಷ ಅಗ್ಗದ ಬೆಲೆಗೆ ಅವನಲ್ಲೇ ಉಳಿಯಿತು. ಆ ಹಣದಿಂದ ಅವನು ಸ್ವಂತ ಖರ್ಚಿನಲ್ಲಿ ದೊಡ್ಡ ಕುದುರೆ ಪಡೆಯನ್ನು ಸಾಕಿದ. ಕೈಬಿಚ್ಚಿ ಹಂಚಿ ಜನರನ್ನು ಒಲಿಸಿಕೊಂಡ. ತಾಯಿಯನ್ನು ಬಿತುರಿಗೆಸ್ ಕುಲದ ಪ್ರಬಲನೊಬ್ಬನಿಗೆ ಮದುವೆ ಮಾಡಿಸಿದ, ತಾನು ಹೆಲ್ವೆಟಿ ಕುಲದಿಂದ ಹೆಣ್ಣು ತಂದ, ಸೋದರಿಯನ್ನೂ ಬಂಧು ಹೆಣ್ಣುಮಕ್ಕಳನ್ನೂ ಬೇರೆ ಬೇರೆ ಕುಲಗಳಿಗೆ ಕೊಟ್ಟ. ಇದನ್ನೆಲ್ಲ ಬರೆದಿಟ್ಟವನು ಅವನ ವೈರಿ ಜೂಲಿಯಸ್ ಸೀಸರ್. ಸುಂಕ, ಕುದುರೆ, ಹಂಚಿಕೆ, ನಂಟಸ್ತಿಕೆ ಎಂಬ ಈ ನಾಲ್ಕು ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದನ್ನು ಗಮನಿಸಬೇಕು. ಕೆಲ್ಟ್ ಮುಖಂಡರ ಅಧಿಕಾರದ ಬೇರು ಸರಕು ಹಾಯುವ ದಾರಿಯ ಮೇಲಿನ ಹಿಡಿತದಲ್ಲಿತ್ತು. ಆ ಹಿಡಿತ ಕೈಬಿಟ್ಟ ಹೊತ್ತಿಗೆ ಅಧಿಕಾರವೂ ಹೋಯಿತು. ಇದೇ ಇಂದಿನ ನನ್ನ ವಾದ.

ಮೊದಲು ಹೆಸರಿನ ಬಗ್ಗೆ ಒಂದು ಮಾತು. ಕೆಲ್ಟರು ಎಂದೊಡನೆ ಐರ್ಲೆಂಡಿನ ಜನಪದ ಕಥೆಗಳು, ಸ್ಕಾಟ್ಲೆಂಡಿನ ಕೊಳಲು ನೆನಪಾಗುವುದುಂಟು. ಅದು ಬಹಳ ಮುಂದಿನ ಕಾಲದಲ್ಲಿ ಸೇರಿಕೊಂಡ ಅರ್ಥ. ಗ್ರೀಕರು ಈ ಹೆಸರಿನಿಂದ ಕರೆದದ್ದು ಆಲ್ಪ್ಸ್ ಪರ್ವತಗಳ ಆಚೆಗಿನ ನಾನಾ ಕುಲಗಳನ್ನು. ಆ ಕುಲಗಳಿಗೆ ಒಬ್ಬ ಅರಸನಿರಲಿಲ್ಲ, ಒಂದು ರಾಜಧಾನಿ ಇರಲಿಲ್ಲ. ತಾವೆಲ್ಲ ಒಂದೇ ಜನವೆಂಬ ಭಾವನೆ ಇತ್ತೆನ್ನುವುದಕ್ಕೂ ಗಟ್ಟಿ ಆಧಾರವಿಲ್ಲ. ಹಾಗಾದರೆ ‘ಕೆಲ್ಟ್ ವ್ಯಾಪಾರ’ ಎಂಬ ಮಾತಿಗೇ ಅರ್ಥವಿದೆಯೇ ಎಂದು ಕೆಲವು ವಿದ್ವಾಂಸರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಆದರೆ ನನ್ನ ವಾದ ಒಂದು ಜನಾಂಗದ ಗುಣವನ್ನು ಕುರಿತದ್ದಲ್ಲ, ಒಂದು ಭೂಭಾಗವನ್ನು ಕುರಿತದ್ದು. ಉತ್ತರಕ್ಕೆ ಬ್ರಿಟನ್ನಿನ ತವರ ಮತ್ತು ಬಾಲ್ಟಿಕ್ ಸಮುದ್ರದ ಅಂಬರು, ದಕ್ಷಿಣಕ್ಕೆ ಮೆಡಿಟರೇನಿಯನ್ನಿನ ದ್ರಾಕ್ಷಾರಸ ಮತ್ತು ಕಂಚಿನ ಪಾತ್ರೆ. ಇವೆರಡರ ನಡುವೆ ರೋನ್, ಸೋನ್, ಸೀನ್, ರೈನ್, ಡ್ಯಾನ್ಯೂಬ್ ನದಿಗಳು ಒಂದರ ತಲೆಗೆ ಇನ್ನೊಂದು ಹತ್ತಿರವಾಗಿ ಹುಟ್ಟಿ ದಿಕ್ಕುದಿಕ್ಕಿಗೆ ಹರಿಯುತ್ತವೆ. ಈ ನದಿಗಳ ನಡುವಿನ ನೆಲದಲ್ಲಿ ಕೂತವರು, ಅವರನ್ನು ಯಾವ ಹೆಸರಿನಿಂದ ಕರೆದರೂ, ಸಾಗಾಟದ ಆಯಕಟ್ಟಿನಲ್ಲೇ ಕೂತಿದ್ದರು.

ಇನ್ನೊಂದು ತಪ್ಪು ಕಲ್ಪನೆಯೂ ಇದೆ: ದಕ್ಷಿಣದಿಂದ ಗ್ರೀಕರು ಬರುವ ತನಕ ಅಲ್ಲಿ ವ್ಯಾಪಾರವೇ ಇರಲಿಲ್ಲವೆಂಬುದು. ಆಸ್ಟ್ರಿಯದ ಹಾಲ್‌ಸ್ಟಾಟ್ ಎಂಬ ಊರು ಇದಕ್ಕೆ ಉತ್ತರ. ಕೆರೆಯ ಮೇಲೆ ಕಡಿದಾಗಿ ಎದ್ದ ಬೆಟ್ಟ. ಬೇಸಾಯಕ್ಕೆ ಅಂಗೈಯಗಲ ಸಮತಟ್ಟು ನೆಲವಿಲ್ಲ. ಆದರೆ ಬೆಟ್ಟದ ಹೊಟ್ಟೆಯಲ್ಲಿ ಉಪ್ಪು. ಕಬ್ಬಿಣದ ಯುಗದ ಗಣಿಗಾರರು ಅಲ್ಲಿ ದೇವದಾರು ಜಾತಿಯ ಮರದ ಸಿಗುಳುಗಳನ್ನು ಉರಿಸಿ ಆ ಬೆಳಕಿನಲ್ಲಿ ಬಂಡೆಯ ಗೋಡೆಯಿಂದ ಉಪ್ಪಿನ ಗಟ್ಟಿಗಳನ್ನು ಕೊರೆದು ಬಿಡಿಸುತ್ತಿದ್ದರು. ಉಪ್ಪು ಯಾವುದನ್ನೂ ಕೊಳೆಯಲು ಬಿಡುವುದಿಲ್ಲವಾದ್ದರಿಂದ ಅವರ ಸಿಗುಳುಗಳು, ಚರ್ಮದ ಚೀಲಗಳು, ಬಣ್ಣ ಹಾಕಿದ ಉಣ್ಣೆಬಟ್ಟೆಯ ತುಂಡುಗಳು ಇಂದಿಗೂ ಉಳಿದಿವೆ. 1734ರಲ್ಲಿ ಹಳೆಯ ಗಣಿಗಾರನೊಬ್ಬನ ದೇಹವೇ ಉಪ್ಪಿನೊಳಗೆ ಸಿಕ್ಕಿತ್ತು. 1846ರಿಂದ 1863ರವರೆಗೆ ಗಣಿ ಅಧಿಕಾರಿ ಯೋಹಾನ್ ಗೇಯೋರ್ಗ್ ರಾಮ್ಸಾವರ್ ಅಲ್ಲಿ ಸುಮಾರು 980 ಗೋರಿಗಳನ್ನು ಅಗೆಸಿದ. ಅವುಗಳಲ್ಲಿ ಬಾಲ್ಟಿಕ್ ಅಂಬರು ಇತ್ತು, ಆನೆದಂತದ ಹಿಡಿಯ ಕತ್ತಿ ಇತ್ತು. ಕಾಳು ಬೆಳೆಯದ ಒಂದು ಕಣಿವೆಗೆ ಆನೆದಂತ ಬರಬೇಕಾದರೆ ಆ ಕಣಿವೆಯ ಉಪ್ಪು ಎಷ್ಟು ದೂರ ಹೋಗಿರಬೇಕು! ಚಳಿಗಾಲಕ್ಕೆಂದು ಮಾಂಸ ಕೆಡದಂತೆ ಇಡಬೇಕಾದ ನಾಡಿನಲ್ಲಿ ಉಪ್ಪಿಲ್ಲದೆ ಬದುಕಿಲ್ಲ. ಹಾಗಾಗಿ ಕೆಲ್ಟ್ ವ್ಯಾಪಾರದ ತಳಪಾಯ ಸ್ಥಳೀಯರೇ ಹಾಕಿದ್ದು, ಹೊರಗಿನವರು ಬಂದು ಹಾಕಿದ್ದಲ್ಲ.

ಕ್ರಿ.ಪೂ. 600ರ ಸುಮಾರಿಗೆ ಫೊಕೈಯದ ಗ್ರೀಕರು ರೋನ್ ನದಿಯ ಮುಖಕ್ಕೆ ಸಮೀಪದಲ್ಲಿ ಮಸ್ಸಾಲಿಯ ಪಟ್ಟಣ ಕಟ್ಟಿದರು. ಅದೇ ಇಂದಿನ ಮಾರ್ಸೇಲ್. ಅದೇ ಕಾಲದಲ್ಲಿ ಡ್ಯಾನ್ಯೂಬಿನ ಮೇಲ್ಭಾಗದ ಹೊಯ್ನೆಬುರ್ಗ್ ಕೋಟೆಯಲ್ಲಿ ಒಂದು ವಿಚಿತ್ರ ನಡೆಯಿತು. ಮಳೆ, ಹಿಮ ಬೀಳುವ ಆ ಜರ್ಮನ್ ನೆಲದಲ್ಲಿ, ಮರ ಬೇಕಾದಷ್ಟು ಸಿಗುವ ಕಡೆ, ಕಲ್ಲಿನ ತಳದ ಮೇಲೆ ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಯ ಗೋಡೆ ಎದ್ದಿತು. ದಕ್ಷಿಣ ಸಮುದ್ರದ ಕಡೆಯ ಈ ಕಟ್ಟಡ ರೀತಿ ಆ ಹವೆಗೆ ಒಗ್ಗುವಂಥದ್ದಲ್ಲ. ಸುತ್ತಲಿನವರಿಗೆ ‘ನಮಗೆ ದೂರದ ದೇಶದ ಸಂಪರ್ಕವಿದೆ’ ಎಂದು ತೋರಿಸುವುದೇ ಅದನ್ನು ಕಟ್ಟಿಸಿದವರ ಉದ್ದೇಶವಾಗಿರಬೇಕು. ಅಧಿಕಾರವನ್ನು ಕಣ್ಣಿಗೆ ಕಾಣಿಸುವ ಕೆಲಸ ಅಲ್ಲಿ ಕತ್ತಿಯಷ್ಟೇ ಇಟ್ಟಿಗೆಯದೂ ಆಗಿತ್ತು.

ಇದೆಲ್ಲಕ್ಕಿಂತ ಹೆಚ್ಚು ಮಾತಾಡುವ ವಸ್ತು 1953ರ ಜನವರಿಯಲ್ಲಿ ಫ್ರಾನ್ಸ್‌ನ ವಿಕ್ಸ್ ಎಂಬ ಹಳ್ಳಿಯಲ್ಲಿ ಸಿಕ್ಕಿತು. ಕ್ರಿ.ಪೂ. 500ರ ಸುಮಾರಿನ ಒಂದು ಗೋರಿ. ಒಳಗೆ ಒಬ್ಬ ಹೆಂಗಸು. ಅವಳೊಂದಿಗೆ 480 ಗ್ರಾಂ ತೂಕದ ಚಿನ್ನದ ಕಂಠಾಭರಣ, ಗಾಡಿ, ಗ್ರೀಕ್ ಬಟ್ಟಲುಗಳು, ಜೊತೆಗೆ ಕಂಚಿನ ಒಂದು ಮಹಾ ಪಾತ್ರೆ. ಅದರ ಎತ್ತರ 1.64 ಮೀಟರ್, ತೂಕ ಸುಮಾರು 208 ಕಿಲೋ, ಹಿಡಿಯುವುದು ಸುಮಾರು 1100 ಲೀಟರ್. ಕೊರಳಿನ ಸುತ್ತ ರಥಗಳು, ಈಟಿ ಗುರಾಣಿ ಹಿಡಿದ ಗ್ರೀಕ್ ಯೋಧರು ಸಾಲುಗಟ್ಟಿದ್ದಾರೆ. ಆ ಬೊಂಬೆಗಳ ಬೆನ್ನಿಗೂ ಪಾತ್ರೆಯ ಕೊರಳಿಗೂ ಒಂದಕ್ಕೊಂದು ಹೊಂದುವ ಗ್ರೀಕ್ ಅಕ್ಷರಗಳನ್ನು ಕೊರೆಯಲಾಗಿದೆ. ಯಾವ ಬೊಂಬೆ ಎಲ್ಲಿ ಕೂರಬೇಕು ಎಂಬ ಗುರುತು ಅದು. ಪಾತ್ರೆಯನ್ನು ಬಿಡಿಭಾಗಗಳಾಗಿ ತಂದು ಅಲ್ಲಿಯೇ ಜೋಡಿಸಿದರೆಂದು ಇದರಿಂದ ಊಹಿಸುತ್ತಾರೆ. ಇಂಥದ್ದೊಂದು ವಸ್ತು ಬರ್ಗಂಡಿಯ ಒಳನಾಡಿನಲ್ಲಿ ಏಕೆ ಬಂದು ಕೂತಿತು? ಗೋರಿಯ ಪಕ್ಕದಲ್ಲೇ ಮೋನ್ ಲಸ್ವಾ ಎಂಬ ಗುಡ್ಡವಿದೆ, ಗುಡ್ಡದ ಬುಡದಲ್ಲಿ ಸೀನ್ ನದಿ. ಉತ್ತರದಿಂದ ಬರುವವರಿಗೆ ದೋಣಿ ಸಾಗುವುದು ಹೆಚ್ಚುಕಡಿಮೆ ಅಲ್ಲಿಯವರೆಗೆ. ಮುಂದೆ ಸೋನ್ ನದಿಯ ಕಣಿವೆ ಸೇರಲು ನೆಲದ ಮೇಲೆ ಹೊರಬೇಕು. ದೋಣಿಯಿಂದ ಸರಕು ಇಳಿಸಿ ಕುದುರೆಯ ಮೇಲೆ ಹೇರುವ ಜಾಗದಲ್ಲಿ ಒಂದು ಗುಡ್ಡ, ಗುಡ್ಡದ ಮೇಲೆ ಒಂದು ಮನೆತನ. ಆ ಹೆಂಗಸಿನ ಹೆಸರು, ಭಾಷೆ, ಪದವಿ ಯಾವುದೂ ಉಳಿದಿಲ್ಲ. ಉಳಿದಿರುವುದು ಅವಳ ವಿಳಾಸ, ನನ್ನ ವಾದಕ್ಕೆ ಬೇಕಾದದ್ದೂ ಅದೇ.

ಇಲ್ಲಿ ಬಲವಾದ ಒಂದು ಆಕ್ಷೇಪವಿದೆ. ಒಂದು ಪಾತ್ರೆ, ಕೆಲವು ಬಟ್ಟಲು, ನಾಲ್ಕಾರು ಜಾಡಿಯ ಚೂರು ಸಿಕ್ಕ ಮಾತ್ರಕ್ಕೆ ಅದನ್ನು ವ್ಯಾಪಾರ ಎನ್ನಬಹುದೇ? ಅವು ರಾಯಭಾರದ ಉಡುಗೊರೆಗಳಿರಬಹುದಲ್ಲ? ಆರನೆಯ ಶತಮಾನದ ಮಟ್ಟಿಗೆ ಈ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ಬಂದ ಸರಕಿನ ಪ್ರಮಾಣ ಚಿಕ್ಕದು. ಸಾಮಾನ್ಯರ ಮನೆಯೊಳಗೆ ಅದು ಹೋಗಲಿಲ್ಲ. ವಿಕ್ಸ್‌ನ ಪಾತ್ರೆಯನ್ನು ಯಾರೂ ಸಂತೆಯಲ್ಲಿ ಕೊಂಡಿರಲಾರರು. ಆದರೆ ಉಡುಗೊರೆಯನ್ನು ಯಾರು ಯಾರಿಗೆ, ಯಾತಕ್ಕಾಗಿ ಕೊಡುತ್ತಾರೆ? ದಾರಿ ಬಿಡಿಸಿಕೊಳ್ಳಬೇಕಾದವನು ದಾರಿ ಕಾಯುವವನಿಗೆ ಕೊಡುತ್ತಾನೆ. ಬರವಣಿಗೆಯ ಲೆಕ್ಕವಿಲ್ಲದ ಕಾಲದಲ್ಲಿ ಉಡುಗೊರೆಯೇ ಸುಂಕ. ಸ್ಟುಟ್‌ಗಾರ್ಟ್ ಹತ್ತಿರದ ಹೋಖ್‌ಡೋರ್ಫ್‌ನ ಗೋರಿಯಲ್ಲಿ 500 ಲೀಟರಿನ ಗ್ರೀಕ್ ಕೊಪ್ಪರಿಗೆ ಇತ್ತು. ಆದರೆ ಅದರಲ್ಲಿದ್ದದ್ದು ದ್ರಾಕ್ಷಾರಸವಲ್ಲ, ಸ್ಥಳೀಯ ಜೇನುಮದ್ಯ. ಪಕ್ಕದಲ್ಲಿ ಒಂಬತ್ತು ಜನರಿಗೆ ಒಂಬತ್ತು ಕುಡಿಕೊಂಬು. ಹೊರಗಿನಿಂದ ಬಂದ ಪಾತ್ರೆ ಒಳಗಿನ ಪಂಕ್ತಿಯ ಯಜಮಾನಿಕೆಯನ್ನು ಗಟ್ಟಿ ಮಾಡಿತು ಎಂಬುದಷ್ಟೇ ನನ್ನ ಮಾತು. ಐದನೆಯ ಶತಮಾನದಲ್ಲಿ ಈ ಗುಡ್ಡದ ಮನೆತನಗಳು ಒಂದೊಂದಾಗಿ ಮರೆಯಾದವು. ಅದಕ್ಕೆ ಹಲವು ಕಾರಣಗಳನ್ನು ಹೇಳುತ್ತಾರೆ, ಆ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ.

ಮುಂದಿನದು ಕತ್ತಿಯ ಕಾಲ. ಕೆಲ್ಟರ ಪಡೆಗಳು ಇಟಲಿಗೆ ಇಳಿದವು, ನಾಲ್ಕನೆಯ ಶತಮಾನದ ಆರಂಭದಲ್ಲಿ ರೋಮ್ ನಗರವನ್ನೇ ಸುಲಿದವು, ಕ್ರಿ.ಪೂ. 279ರಲ್ಲಿ ಗ್ರೀಸಿನ ಡೆಲ್ಫಿಯವರೆಗೂ ಹೋದವು. ಅಧಿಕಾರ ಬಂದದ್ದು ತೋಳಿನಿಂದ, ತಕ್ಕಡಿಯಿಂದ ಅಲ್ಲ ಎನ್ನುವವರು ಈ ದಂಡಯಾತ್ರೆಗಳನ್ನೇ ಮುಂದಿಡುತ್ತಾರೆ. ಆದರೆ ಈ ಯೋಧರಲ್ಲಿ ಬಹಳ ಮಂದಿ ಗ್ರೀಕ್ ಅರಸರ ಬಳಿ ಕೂಲಿ ಸೈನಿಕರಾಗಿ ದುಡಿದವರು. ಕೆಲ್ಟರು ಅಚ್ಚು ಹಾಕಿಸಿದ ಮೊದಮೊದಲ ಚಿನ್ನದ ನಾಣ್ಯಗಳಲ್ಲಿ ಹಲವು ಮ್ಯಾಸಿಡೋನಿಯದ ಎರಡನೆಯ ಫಿಲಿಪ್‌ನ ನಾಣ್ಯದ ಪ್ರತಿರೂಪಗಳು: ಒಂದು ಬದಿಗೆ ಅಪೊಲೊ ತಲೆ, ಇನ್ನೊಂದು ಬದಿಗೆ ಜೋಡಿ ಕುದುರೆಯ ರಥ. ಕತ್ತಿ ಹಿಡಿದು ಹೋದವರು ತಂದದ್ದು ಸಂಬಳದ ನಾಣ್ಯದ ರೂಪವನ್ನು. ಪರಾಕ್ರಮಕ್ಕೂ ಅಲ್ಲಿ ಒಂದು ಬೆಲೆ ಕಟ್ಟಲಾಗಿತ್ತು.

ಎರಡನೆಯ, ಒಂದನೆಯ ಶತಮಾನಗಳಿಗೆ ಬಂದರೆ ಪ್ರಮಾಣದ ಪ್ರಶ್ನೆಯೇ ಉಳಿಯುವುದಿಲ್ಲ. ದಕ್ಷಿಣ ಫ್ರಾನ್ಸ್‌ನ ಜಿಯೆನ್ ಬಳಿ ಕ್ರಿ.ಪೂ. ಒಂದನೆಯ ಶತಮಾನದಲ್ಲಿ ಮುಳುಗಿದ ಒಂದೇ ಹಡಗಿನಲ್ಲಿ ಇಟಲಿಯ ದ್ರಾಕ್ಷಾರಸದ 6000ದಿಂದ 7000 ಜಾಡಿಗಳಿದ್ದವು. ಆಂಫೊರಾ ಎಂಬ ಈ ಎರಡು ಹಿಡಿಯ ಮಣ್ಣಿನ ಜಾಡಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಉದ್ದ ಕೊರಳು, ದಪ್ಪ ಗೋಡೆ, ಕೆಳಗೆ ಚೂಪಾದ ಮೊಳೆಯಂಥ ಬುಡ. ಬರಿದಾಗಿದ್ದಾಗ ಸುಮಾರು 25 ಕಿಲೋ, ಹಿಡಿಯುವುದು ಸುಮಾರು 25 ಲೀಟರ್. ಅಂದರೆ ಸಾಗಿಸುವ ತೂಕದಲ್ಲಿ ಅರ್ಧ ಬರೀ ಮಣ್ಣು. ಇಂಥ ಸರಕನ್ನು ಗಾಡಿಯಲ್ಲಿ ಹೇರಿಕೊಂಡು ಬೆಟ್ಟ ಹತ್ತಿಸಿದರೆ ಗಿಟ್ಟುವುದಿಲ್ಲ, ನದಿಯೇ ಗತಿ. ನದಿಯೇ ಗತಿಯಾದ ಮೇಲೆ ನದಿಯ ದಡದವನೇ ಒಡೆಯ. ಸೋನ್ ನದಿಯ ಮೇಲಿನ ಶಲೋನ್ ಪಟ್ಟಣದಲ್ಲಿ, ಅಂದರೆ ಐದುಯಿಗಳ ರೇವು ಕಬಿಲ್ಲೊನುಮ್‌ನಲ್ಲಿ, ನದಿಯ ತಳದಿಂದ ಈ ಜಾಡಿಗಳು ರಾಶಿರಾಶಿಯಾಗಿ ಎದ್ದಿವೆ. ಅವರ ಬೆಟ್ಟದ ರಾಜಧಾನಿ ಬಿಬ್ರಾಕ್ಟೆಯ ನೆಲದಲ್ಲೂ ಇದೇ ಚೂರುಗಳು ಹೇರಳವಾಗಿವೆ.

ಇದಕ್ಕೆ ಪ್ರತಿಯಾಗಿ ಅವರು ಏನು ಕೊಟ್ಟರು? ಒಂದು ಜಾಡಿ ದ್ರಾಕ್ಷಾರಸಕ್ಕೆ ಒಬ್ಬ ಗುಲಾಮನನ್ನು ಕೊಡುತ್ತಿದ್ದರೆಂದು ಗ್ರೀಕ್ ಲೇಖಕ ಡಿಯೊಡೊರಸ್ ಬರೆಯುತ್ತಾನೆ. ಕುಡುಕ ಅನಾಗರಿಕರೆಂದು ಕೆಲ್ಟರನ್ನು ಹೀನೈಸುವ ಚಾಳಿ ಆ ಲೇಖಕರಿಗೆ ಇತ್ತಾದ್ದರಿಂದ ಆ ವಿನಿಮಯದ ದರವನ್ನು ಅಕ್ಷರಶಃ ನಂಬಬೇಕಾಗಿಲ್ಲ. ಗುಲಾಮರ ವ್ಯಾಪಾರವನ್ನು ಮಾತ್ರ ಅಲ್ಲಗಳೆಯಲಾಗದು. ವೇಲ್ಸ್‌ನ ಆಂಗಲ್ಸೀ ದ್ವೀಪದ ಲಿನ್ ಕೆರಿಗ್ ಬಾಖ್ ಕೆರೆಯಲ್ಲಿ ಕೊರಳಿಗೆ ಕೊರಳು ಬಿಗಿಯುವ ಕಬ್ಬಿಣದ ಸರಪಳಿಗಳು ಸಿಕ್ಕಿವೆ. ಆ ಬಳೆಗಳ ಸುತ್ತಳತೆ ಮನುಷ್ಯರ ಕೊರಳಿನದು. ಹಬ್ಬದೂಟದ ಪಂಕ್ತಿಯಲ್ಲಿ ಹಂಚಿದ ದ್ರಾಕ್ಷಾರಸದ ಹಿಂದೆ ಪಕ್ಕದ ಕುಲದ ಮೇಲೆ ನಡೆದ ದಾಳಿ, ಎಳೆದೊಯ್ದ ಜನ, ಬರಿದಾದ ಮನೆಗಳಿದ್ದವು. ವ್ಯಾಪಾರ ಎಂದರೆ ಶಾಂತಿ ಎಂದು ಹೇಳುವವರು ಈ ಸರಪಳಿಯನ್ನು ಒಮ್ಮೆ ನೆನೆಯಬೇಕು.

ಈಗ ಸುಂಕಕ್ಕೆ ಬರೋಣ. ಭೂಗೋಳಕಾರ ಸ್ಟ್ರಾಬೊ ಹೇಳುವಂತೆ ಸೋನ್ ನದಿಯ ಒಂದು ದಡದ ಐದುಯಿಗಳಿಗೂ ಇನ್ನೊಂದು ದಡದ ಸೆಕ್ವಾನಿಗಳಿಗೂ ಹಗೆ ಬೆಳೆಯಲು ಕಾರಣ ನದಿಯೇ: ನದಿ ತನ್ನದು, ಹಾಯುವ ಸರಕಿನ ಸುಂಕವೂ ತನ್ನದು ಎಂದು ಇಬ್ಬರೂ ಹಟ ಹಿಡಿದರು. ಪಶ್ಚಿಮದ ಕಡಲ ತೀರದ ವೆನೆಟಿ ಕುಲದ ಮಾತೂ ಇದೇ. ಅಲ್ಲಿನ ಒರಟು ಸಮುದ್ರದಲ್ಲಿ ಬಂದರುಗಳು ಕೆಲವೇ, ಅವೆಲ್ಲ ಅವರ ಕೈಯಲ್ಲಿದ್ದವು. ಆ ನೀರಿಗಿಳಿದ ಬಹುಮಟ್ಟಿಗೆ ಎಲ್ಲರೂ ಅವರಿಗೆ ಸುಂಕ ಕಟ್ಟುತ್ತಿದ್ದರು ಎಂದು ಸೀಸರ್ ಬರೆಯುತ್ತಾನೆ. ಆಲ್ಪ್ಸ್ ಕಣಿವೆಗಳಲ್ಲೂ ಹಾಗೆಯೇ. ಕ್ರಿ.ಪೂ. 57ರಲ್ಲಿ ಸೀಸರ್ ತನ್ನ ಸೇನಾಪತಿ ಗಾಲ್ಬನನ್ನು ಅಲ್ಲಿಗೆ ಕಳಿಸಿದ ಕಾರಣವನ್ನು ಮುಚ್ಚಿಟ್ಟಿಲ್ಲ: ವರ್ತಕರು ದೊಡ್ಡ ಅಪಾಯ, ದೊಡ್ಡ ಸುಂಕ ಎರಡನ್ನೂ ಹೊತ್ತು ಹಾಯುತ್ತಿದ್ದ ದಾರಿಯನ್ನು ತೆರವು ಮಾಡುವುದು. ನದಿ, ಕಡಲು, ಕಣಿವೆ ಎಂಬ ಮೂರು ಬಗೆಯ ದಾರಿಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕಡೆ, ಅಧಿಕಾರದ ರೀತಿ ಒಂದೇ. ಇದು ಆಕಸ್ಮಿಕವಾಗಿರಲಾರದು.

ಸಾಕ್ಷಿಯೆಲ್ಲ ಸೀಸರನದಾಯಿತಲ್ಲ, ಗೆದ್ದವನ ಬರಹವನ್ನು ಹೇಗೆ ನಂಬುವುದು ಎಂದು ಕೇಳಬಹುದು. ಕೇಳಲೇಬೇಕು. ಸೀಸರ್ ತನ್ನ ಯುದ್ಧಗಳನ್ನು ಸಮರ್ಥಿಸಲು ಬರೆದವನು. ದುಮ್ನೊರಿಕ್ಸ್ ದುರಾಸೆಯವನು ಎಂಬುದು ಅವನ ಅಭಿಪ್ರಾಯ, ಅದನ್ನು ಬದಿಗಿಡೋಣ. ಆದರೆ ಸುಂಕದ ಗುತ್ತಿಗೆ ಎಂಬುದೊಂದು ಇತ್ತು ಎನ್ನುವುದು ಅವನು ದಾರಿಯಲ್ಲಿ ಹೇಳಿಹೋದ ವಿವರ, ಅದನ್ನು ಕಟ್ಟಿ ಹೇಳುವ ಅಗತ್ಯ ಅವನಿಗಿರಲಿಲ್ಲ. ಅದಕ್ಕೂ ಮಿಗಿಲಾಗಿ ಲೋಹದ ಸಾಕ್ಷಿ ಇದೆ. ದುಬ್ನೊರೆಕ್ಸ್, ಅಂದರೆ ದುಮ್ನೊರಿಕ್ಸ್, ಎಂಬ ಹೆಸರು ಕೊರೆದ ಬೆಳ್ಳಿ ನಾಣ್ಯಗಳು ಇಂದಿಗೂ ಸಂಗ್ರಹಾಲಯಗಳಲ್ಲಿವೆ. ಐದುಯಿ, ಸೆಕ್ವಾನಿ, ಲಿಂಗೊನೆಸ್ ಕುಲಗಳ ಬೆಳ್ಳಿ ನಾಣ್ಯಗಳು ಸರಿಸುಮಾರು ಒಂದೇ ತೂಕದವು, ರೋಮ್‌ನ ದಿನಾರಿಯಸ್ಸಿನ ಅರ್ಧಕ್ಕೆ ಹೊಂದುವಂಥವು. ನದಿಗಾಗಿ ಬಡಿದಾಡುತ್ತಿದ್ದವರು ನಾಣ್ಯದ ತೂಕದಲ್ಲಿ ಮಾತ್ರ ಒಂದಾಗಿದ್ದರು. ಲೆಕ್ಕಪತ್ರಕ್ಕೆ ಅವರು ಗ್ರೀಕ್ ಅಕ್ಷರ ಬಳಸುತ್ತಿದ್ದರೆಂಬುದನ್ನೂ ಇದರ ಜೊತೆಗಿಟ್ಟು ನೋಡಿದರೆ ಸುಂಕದ ಕಟ್ಟೆಯ ಚಿತ್ರ ಪೂರ್ತಿಯಾಗುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ನಾಡಿನ ನಿಜವಾದ ಸಂಪತ್ತು ಹೊಲ, ದನ, ಹಂದಿ, ಕಬ್ಬಿಣದಲ್ಲಿತ್ತು. ದೂರದ ವ್ಯಾಪಾರ ಮೇಲಿನ ಕೆನೆ ಮಾತ್ರ ಎಂಬುದು. ಬವೇರಿಯದ ಮಾಂಖಿಂಗ್ ಪಟ್ಟಣಕ್ಕೆ 7 ಕಿಲೋಮೀಟರ್ ಸುತ್ತಳತೆಯ ಗೋಡೆ ಇತ್ತು, ಒಳಗೆ 380 ಹೆಕ್ಟೇರ್ ನೆಲ. ಕಮ್ಮಾರರು, ಗಾಜಿನ ಬಳೆ ಮಾಡುವವರು, ಕುಂಬಾರರು ಅಲ್ಲಿ ದುಡಿಯುತ್ತಿದ್ದರು. ಬಿತುರಿಗೆಸ್ ಕುಲದವರ ಕಬ್ಬಿಣದ ಗಣಿಗಳು ದೊಡ್ಡವು. ಸೆಕ್ವಾನಿಗಳ ನಾಡಿನ ಉಪ್ಪು ಹಾಕಿದ ಹಂದಿಮಾಂಸ ರೋಮ್‌ವರೆಗೂ ಹೋಗುತ್ತಿತ್ತು, ಅದೇ ಅತ್ಯುತ್ತಮವಾದದ್ದೆಂದು ಸ್ಟ್ರಾಬೊನೇ ಬರೆಯುತ್ತಾನೆ. ಇಷ್ಟನ್ನೂ ಒಪ್ಪುತ್ತೇನೆ. ಉತ್ಪಾದನೆಯಿಲ್ಲದೆ ವ್ಯಾಪಾರವಿಲ್ಲ, ವ್ಯಾಪಾರದ ಕಥೆಯನ್ನು ಹಾಲ್‌ಸ್ಟಾಟ್‌ನ ಗಣಿಗಾರನಿಂದ ತೊಡಗಿದ್ದೇ ಅದಕ್ಕಾಗಿ. ಆದರೆ ಸಂಪತ್ತು ಬೇರೆ, ಅಧಿಕಾರ ಬೇರೆ. ಹೊಲ ಮತ್ತು ಹಂದಿ ಸಾವಿರಾರು ಮನೆಗಳಲ್ಲಿ ಚದುರಿದ್ದವು. ಅವುಗಳಿಂದ ಇಡೀ ನಾಡು ಉಂಡಿತು. ಒಬ್ಬನೇ ಮುಖಂಡ ಉಳಿದವರೆಲ್ಲರಿಗಿಂತ ಮೇಲೇರಲು ಒಂದೇ ಕಡೆ ರಾಶಿ ಬೀಳುವ ಹಣ ಬೇಕು. ಚದುರಿದ ಸರಕು ಒಂದೆಡೆ ಕೂಡುವುದು ರೇವಿನಲ್ಲಿ, ಕಣಿವೆಯ ಬಾಯಲ್ಲಿ. ಹಂದಿಮಾಂಸ ಸೆಕ್ವಾನಿಗಳದು, ಅದು ಹಾಯುವ ನದಿಯ ಸುಂಕ ತಮ್ಮದೆನ್ನುವವರು ಐದುಯಿಗಳು: ಜಗಳದ ತಿರುಳೇ ಅದು.

ಆ ಜಗಳದ ಫಲ ಇಡೀ ಗಾಲ್‌ಗೆ, ಅಂದರೆ ಹೆಚ್ಚುಕಡಿಮೆ ಇಂದಿನ ಫ್ರಾನ್ಸ್‌ಗೆ, ತಟ್ಟಿತು. ಐದುಯಿಗಳನ್ನು ಮಣಿಸಲು ಸೆಕ್ವಾನಿಗಳು ರೈನ್ ಆಚೆಯಿಂದ ಅರಿಯೊವಿಸ್ಟಸ್ ಎಂಬ ಜರ್ಮನ್ ಅರಸನನ್ನು ಕರೆತಂದರು. ಅವನು ಗೆದ್ದ ಮೇಲೆ ಸೆಕ್ವಾನಿಗಳ ನೆಲವನ್ನೇ ಹಿಡಿದು ಕೂತ. ಐದುಯಿಗಳು ರೋಮ್‌ನ ಮೊರೆಹೊಕ್ಕರು. ಕ್ರಿ.ಪೂ. 58ರಲ್ಲಿ ಸೀಸರ್ ಬಂದ. ಬಂದವನು ಮೊದಲ ಮೂರು ವರ್ಷಗಳಲ್ಲೇ ಸೋನ್ ನದಿ, ಆಲ್ಪ್ಸ್ ಕಣಿವೆ, ಪಶ್ಚಿಮದ ಕಡಲು ಎಂದು ಒಂದೊಂದೇ ದಾರಿಗೆ ಕೈಹಾಕಿದ. ಕಣಿವೆಯಲ್ಲಿ ಗಾಲ್ಬ ಹಿಂದೆ ಸರಿಯಬೇಕಾಯಿತು. ಕಡಲಿನಲ್ಲಿ ಕ್ರಿ.ಪೂ. 56ರಲ್ಲಿ ವೆನೆಟಿಗಳು ಸುಮಾರು 220 ಹಡಗುಗಳನ್ನು ಇಳಿಸಿದರು: ಓಕ್ ಮರದ ಒಡಲು, ಹೆಬ್ಬೆರಳು ದಪ್ಪದ ಕಬ್ಬಿಣದ ಮೊಳೆಗಳು, ಲಂಗರಿಗೆ ಹಗ್ಗದ ಬದಲು ಕಬ್ಬಿಣದ ಸರಪಳಿ, ಬಟ್ಟೆಯ ಬದಲು ತೊಗಲಿನ ಹಾಯಿ. ರೋಮನ್ನರು ಉದ್ದ ಗಳುವಿಗೆ ಕಟ್ಟಿದ ಕುಡುಗೋಲಿನಂಥ ಆಯುಧದಿಂದ ಹಾಯಿಯ ಹಗ್ಗಗಳನ್ನು ಸೆಳೆದು ಕತ್ತರಿಸಿದರು. ಅಷ್ಟರಲ್ಲಿ ಗಾಳಿಯೂ ಬಿದ್ದುಹೋಯಿತು. ಸೋತ ವೆನೆಟಿಗಳ ಹಿರಿಯರ ಸಭೆಯನ್ನು ಸೀಸರ್ ಕೊಲ್ಲಿಸಿದ, ಉಳಿದವರನ್ನು ಗುಲಾಮರಾಗಿ ಮಾರಿದ. ಎರಡು ವರ್ಷದ ಮೇಲೆ ದುಮ್ನೊರಿಕ್ಸ್‌ನನ್ನೂ ಕೊಲ್ಲಿಸಿದ.

ಈ ಅಪಾಯ ಮುಂಚೆಯೇ ಕಂಡವರು ಇರಲಿಲ್ಲವೆಂದಲ್ಲ. ಉತ್ತರದ ನೆರ್ವಿಯಿ ಕುಲದವರು ವರ್ತಕರನ್ನು ಒಳಗೆ ಬಿಡುತ್ತಿರಲಿಲ್ಲ, ದ್ರಾಕ್ಷಾರಸವನ್ನು ತರಗೊಡುತ್ತಿರಲಿಲ್ಲ. ಕ್ರಿ.ಪೂ. 52ರಲ್ಲಿ ಗಾಲ್‌ನ ಮುಖಂಡ ವೆರ್ಕಿಂಗೆಟೊರಿಕ್ಸ್ ರೋಮ್ ವಿರುದ್ಧ ನಡೆಸಿದ ಮಹಾ ಬಂಡಾಯಕ್ಕೆ ಕಿಡಿ ಹೊತ್ತಿದ್ದು ಕೆನಾಬುಮ್ ಪಟ್ಟಣದಲ್ಲಿ, ಇಂದಿನ ಒರ್ಲಿಯಾನ್ಸ್‌ನಲ್ಲಿ. ಅಲ್ಲಿ ಕಾರ್ನುಟೆಸ್ ಕುಲದವರು ಮೊದಲು ಕೊಂದದ್ದು ವ್ಯಾಪಾರಕ್ಕೆಂದು ನೆಲೆಸಿದ್ದ ರೋಮನ್ನರನ್ನು. ಆ ರಕ್ತಪಾತವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಸೈನ್ಯಕ್ಕಿಂತ ಮೊದಲು ವರ್ತಕರ ಕಡೆ ತಿರುಗಿದ ಆ ಸಿಟ್ಟು, ಅಧಿಕಾರ ಎಲ್ಲಿಂದ ಸೋರಿಹೋಗಿದೆ ಎಂಬುದು ಅವರಿಗೆ ಗೊತ್ತಿತ್ತೆಂದು ಹೇಳುತ್ತದೆ. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಅದೇ ವರ್ಷ ಅಲೇಸಿಯ ಕೋಟೆಯಲ್ಲಿ ವೆರ್ಕಿಂಗೆಟೊರಿಕ್ಸ್ ಸೀಸರನಿಗೆ ಶರಣಾದ.

ಒಂಬತ್ತು ವರ್ಷಗಳ ನಂತರ, ಕ್ರಿ.ಪೂ. 43ರಲ್ಲಿ, ಸೋನ್ ನದಿ ರೋನ್ ನದಿಯನ್ನು ಕೂಡುವ ಜಾಗದಲ್ಲಿ ರೋಮನ್ನರು ಲುಗ್ದುನುಮ್ ಪಟ್ಟಣವನ್ನು ಕಟ್ಟಿದರು. ಅದೇ ಇಂದಿನ ಲಿಯೋನ್. ಐದುಯಿಗಳೂ ಸೆಕ್ವಾನಿಗಳೂ ಯಾವ ನದಿಯ ಸುಂಕಕ್ಕಾಗಿ ಕಾದಾಡಿದರೋ ಆ ನದಿಯ ಬಾಯಿ ಮೂರನೆಯವರ ಕೈ ಸೇರಿತು. ರೋಮನ್ ಅಧಿಕಾರಿಗಳು ಚಿನ್ನ ಬೆಳ್ಳಿಯ ನಾಣ್ಯ ಅಚ್ಚು ಹಾಕಿಸುವುದು ಅಲ್ಲಿಯೇ ಎಂದು ಸ್ಟ್ರಾಬೊ ಬರೆದಿದ್ದಾನೆ. ಚಕ್ರವರ್ತಿ ಟಿಬೇರಿಯಸ್‌ನ ಬೆಳ್ಳಿ ದಿನಾರಿಯಸ್ಸುಗಳು ಹೊರಬಂದದ್ದು ಆ ಟಂಕಸಾಲೆಯಿಂದ. ಅಂಥದ್ದೊಂದು ನಾಣ್ಯ ನಮ್ಮ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಸಿಕ್ಕಿದೆ.